ಹತ್ತೊಂಬತ್ತೂಕಾಲು ಸುತ್ತು

ಕುಣಿಗಲ್ ಕಡೆಯಿಂದ ನಮ್ಮಮ್ಮ ಮೊದಲ ಸಲ ವೈಟ್‌ಫೀಲ್ಡಿನ ಫ್ಲ್ಯಾಟಿಗೆ ಬಂದಾಗ, ಮಾರನೆಯ ಬೆಳಿಗ್ಗೆ ಐದೂಮುಕ್ಕಾಲಿಗೇ ಎದ್ದು ನಾಲ್ಕನೇ ಮಹಡಿಯ ಬಾಲ್ಕನಿಯಲ್ಲಿ ನಿಂತಿದ್ದರು. ಕೆಳಗೆ ಕಾಂಪೌಂಡಿನ ಒಳಗೆ, ಇನ್ನೂ ಮಬ್ಬುಗತ್ತಲು, ಹದಿನೈದಿಪ್ಪತ್ತು ಜನ ಕೈ ಬೀಸಿಕೊಂಡು ಬಿರಬಿರನೆ ಓಡಾಡುತ್ತಿದ್ದರು. ಅಮ್ಮ ಸ್ವಲ್ಪ ಹೊತ್ತು ನೋಡಿದರು. ಹೋದವರೇ ಮತ್ತೆ ಬಂದರು, ಬಂದವರೇ ಮತ್ತೆ ಹೋದರು. ಕೊನೆಗೆ ತಡೆಯಲಾರದೆ ಒಳಗೆ ಬಂದು ನನ್ನನ್ನು ಅಲ್ಲಾಡಿಸಿ ಎಬ್ಬಿಸಿದರು.

“ಏಳ್ಲಾ ಮಗಾ, ಪಾಪ ಯಾರೋ ಏನೋ ಕಳ್ಕಂಡವ್ರೆ. ಎಲ್ಲಾರೂ ಸೇರ್ಕಂಡು ಹುಡುಕ್ತಾವ್ರೆ. ನೀನೂ ಹೋಗಿ ಒಂದ್ ಕೈ ನೋಡು.”

“ಏನೂ ಕಳ್ಕೊಂಡಿಲ್ಲಮ್ಮ. ವಾಕಿಂಗ್ ಹೋಗ್ತಿದಾರೆ.”

“ಎಲ್ಲಿಗೆ?”

ಈ ‘ಎಲ್ಲಿಗೆ’ ಅನ್ನುವುದಕ್ಕೆ ನನ್ನ ಹತ್ತಿರ ಉತ್ತರ ಇರಲಿಲ್ಲ. ಈಗಲೂ ಇಲ್ಲ. ಆದರೆ ಆ ಗುಂಪಿನ ಮುಂದೆ ಮಂಕಿ ಟೋಪಿ ಹಾಕಿಕೊಂಡು ಹೋಗುತ್ತಿದ್ದ ರಾಯರನ್ನು ಕೇಳಿದ್ದರೆ ಅವರು ತಟ್ಟನೆ ಹೇಳುತ್ತಿದ್ದರು: “ಹತ್ತು ಸಾವಿರಕ್ಕೆ.”

ರಾಯರು ಅನ್ನುವುದು ಅವರ ಹೆಸರಲ್ಲ, ಪದವಿ. ವೈಟ್‌ಫೀಲ್ಡಿನಿಂದ ಸರ್ಜಾಪುರ ರಸ್ತೆ, ಅಲ್ಲಿಂದ ಎಲೆಕ್ಟ್ರಾನಿಕ್ ಸಿಟಿವರೆಗೆ ಗೇಟು, ಸೆಕ್ಯುರಿಟಿ, ಕ್ಲಬ್‌ಹೌಸು ಇರುವ ಪ್ರತಿ ಅಪಾರ್ಟ್‌ಮೆಂಟಿಗೂ ಇಂಥ ಒಬ್ಬರು ರಾಯರು ಇದ್ದೇ ಇರುತ್ತಾರೆ. ಬಿಲ್ಡರೇ ಬೋರ್‌ವೆಲ್ಲು, ಜನರೇಟರುಗಳ ಜೊತೆ ಕೊಟ್ಟುಹೋಗುತ್ತಾನೇನೋ ಎಂದು ನನಗೆ ಅನುಮಾನ. ನಮ್ಮ ಪಾಲಿಗೆ ಬಂದವರು ದೂರವಾಣಿ ನಗರದ ಐಟಿಐನಲ್ಲಿ ಮೂವತ್ತನಾಲ್ಕು ವರ್ಷ ದುಡಿದು ನಿವೃತ್ತರಾದವರು. 1948ರಲ್ಲಿ ಶುರುವಾದ, ಒಂದು ಕಾಲಕ್ಕೆ ದೇಶದ ಮನೆಮನೆಗೆ ಟೆಲಿಫೋನು ಮಾಡಿ ಕಳಿಸುತ್ತಿದ್ದ ಕಾರ್ಖಾನೆ ಅದು. ಈಗ ಹೋಪ್ ಫಾರ್ಮ್ ಸಿಗ್ನಲ್ಲಿನಿಂದ ಒಳಕ್ಕೆ, ಮಗನ ಒಂಬತ್ತನೇ ಮಹಡಿಯಲ್ಲಿ ಅವರ ವಾಸ. ಮೈಮೇಲೆ ಯಾವುದೋ ಮ್ಯಾರಥಾನಿನ ಟೀ ಶರ್ಟು, ಬೆನ್ನಿಗೆ ‘ಫಿನಿಶರ್’ ಎಂದು ದಪ್ಪಕ್ಷರದ ಬರಹ. ಓಡಿದ್ದು ಮಗ. ಅವನೂ ಅರ್ಧಕ್ಕೇ ಆಟೋ ಹತ್ತಿದ ಎಂದು ಸೊಸೆ ಹೇಳುತ್ತಾರೆ. ಕಾಲಿಗೆ ಹಸಿರು ಅಂಚಿನ ಶೂ. ಅದರ ಬೆಲೆಯನ್ನು ಮಗ ಇವತ್ತಿಗೂ ನಿಜ ಹೇಳಿಲ್ಲ, ಹೇಳಿದರೆ ಅಪ್ಪ ಅದನ್ನು ದೇವರ ಮನೆಯಲ್ಲಿ ಇಟ್ಟುಬಿಡುತ್ತಾರೆ ಎನ್ನುವ ಭಯ. ಎಡಗೈಗೆ ವಾಚು.

ಆ ಎಡಗೈಯ ಬಗ್ಗೆ ಸ್ವಲ್ಪ ಹೇಳಬೇಕು. ರಾಯರ ಎಡಗೈ ಯಾವ ಕೆಲಸವನ್ನೂ ಮಾಡುವುದಿಲ್ಲ. ಹಾಲಿನ ಪ್ಯಾಕೆಟ್ಟು, ಸೊಪ್ಪಿನ ಚೀಲ, ಛತ್ರಿ, ಮೊಮ್ಮಗ, ಎಲ್ಲವೂ ಬಲಗೈಯ ಪಾಲು. ಯಾಕೆಂದರೆ ಕೈ ಬೀಸಿದರೆ ತಾನೇ ವಾಚಿಗೆ ನಡೆದದ್ದು ಗೊತ್ತಾಗುವುದು! ಸೂಪರ್ ಮಾರ್ಕೆಟ್ಟಿನಲ್ಲಿ ತಳ್ಳುಗಾಡಿಯನ್ನು ಎರಡೂ ಕೈಯಲ್ಲಿ ಹಿಡಿದು ಅರ್ಧ ಗಂಟೆ ತಿರುಗಿದ ಮೇಲೆ, ವಾಚು ಅದನ್ನು ನಡಿಗೆ ಎಂದು ಒಪ್ಪದೆ ಇದ್ದ ದಿನ ಅವರು ಊಟ ಸರಿಯಾಗಿ ಮಾಡಲಿಲ್ಲವಂತೆ. ಅಂದಿನಿಂದ ಬಲಗೈಯಲ್ಲಿ ಗಾಡಿ ತಳ್ಳುತ್ತ, ಎಡಗೈಯನ್ನು ಪಕ್ಕದಲ್ಲಿ ಸಿಪಾಯಿಯ ಹಾಗೆ ಬೀಸುತ್ತ ಬೇಳೆ ಸಾಲಿನಿಂದ ಸೋಪಿನ ಸಾಲಿಗೆ ಪಥಸಂಚಲನ. ಇದಕ್ಕೆ ತಿರುಗುಮುರುಗು ಶನಿವಾರದ ಭಜನೆ. ಕೂತಲ್ಲೇ ತಾಳ ಹಾಕಿದರೆ ವಾಚು ಅದನ್ನು ಹೆಜ್ಜೆ ಎಂದುಕೊಂಡು ಮುನ್ನೂರು ಜಮಾ ಮಾಡುತ್ತದೆ. ಕದಲದೆ ಪಂಢರಾಪುರ ಯಾತ್ರೆ. ಆದರೆ ರಾಯರು ಕಾರ್ಖಾನೆಯ ಸ್ಟೋರ್ಸ್ ಲೆಡ್ಜರು ಬರೆದ ಮನುಷ್ಯ. ರಾತ್ರಿ ಡೈರಿ ತೆಗೆದು, ಭಜನೆಯ ಮುನ್ನೂರು, ಮನೆಯೊಳಗಿನ ಓಡಾಟ, ಎಲ್ಲವನ್ನೂ ಕಳೆದು, ಉಳಿದದ್ದಕ್ಕೆ ಅಡಿಗೆರೆ ಎಳೆಯುತ್ತಾರೆ. ಆ ಪ್ರಾಮಾಣಿಕತೆಯನ್ನು ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ.

ನಮ್ಮ ಎರಡು ಟವರುಗಳ ಸುತ್ತಿನ ದಾರಿ ರಾಯರ ಕಾಲಿನಲ್ಲಿ 520 ಹೆಜ್ಜೆ. ಬೆಳಿಗ್ಗೆ ಹನ್ನೆರಡು, ಸಂಜೆ ಏಳು, ಒಟ್ಟು ಹತ್ತೊಂಬತ್ತು ಸುತ್ತಿಗೆ 9,880. ಇನ್ನು 120 ಬಾಕಿ. ಕಾಲು ಸುತ್ತು ಹಾಕಿದರೆ 10,010 ಆಗಿ ಲೆಕ್ಕ ಚುಕ್ತಾ. ಕಷ್ಟ ಏನೆಂದರೆ, ಗೇಟಿನಿಂದ ಸರಿಯಾಗಿ ಕಾಲು ಸುತ್ತಿಗೆ ಸಿಗುವುದು ಎಸ್‌ಟಿಪಿ. ಅಂದರೆ ಇಡೀ ಅಪಾರ್ಟ್‌ಮೆಂಟಿನ ಕೊಳಚೆ ನೀರು ಶುದ್ಧಿಯಾಗಲು ಬಂದು ನಿಲ್ಲುವ ಜಾಗ. ಪಕ್ಕದಲ್ಲೇ ಕಸದ ಡ್ರಮ್ಮುಗಳು. ಬೇರೆಯವರು ಅಲ್ಲಿ ಮೂಗು ಮುಚ್ಚಿಕೊಂಡು ಹೆಜ್ಜೆ ಜೋರು ಮಾಡುತ್ತಾರೆ. ರಾಯರು ಮಾತ್ರ ದಿನಾ ಸಂಜೆ ಏಳೂಕಾಲಿಗೆ ಅಲ್ಲಿ ನಿಂತು, ಮಣಿಕಟ್ಟಿನಲ್ಲಿ ವಾಚು ಗುರ್ ಎಂದು ಅಭಿನಂದಿಸುವುದನ್ನು ಕಾಯುತ್ತಾರೆ. ಎಸ್‌ಟಿಪಿ ಮುಂದೆ ನಿಂತು ಮುಖ ಅರಳಿಸುವ ಮನುಷ್ಯ ಬೆಂಗಳೂರಿನಲ್ಲಿ ಅವರೊಬ್ಬರೇ ಇರಬೇಕು.

ಈ ಸುತ್ತುವ ಗುಣ ವೈಟ್‌ಫೀಲ್ಡಿನ ಮಣ್ಣಿನಲ್ಲೇ ಇದೆಯೋ ಏನೋ. 1882ರಲ್ಲಿ ಹತ್ತನೇ ಚಾಮರಾಜ ಒಡೆಯರು ಆಂಗ್ಲೋ ಇಂಡಿಯನ್ನರಿಗೆಂದು ಕೊಟ್ಟ ಜಮೀನಿನಲ್ಲಿ ಡಿ.ಎಸ್. ವೈಟ್ ಅವರ ಹೆಸರಿನ ಊರು ಎದ್ದಾಗ, ಅದನ್ನು ಕಟ್ಟಿದ್ದೇ ದುಂಡಗೆ. ದುಂಡನೆಯ ರಸ್ತೆ, ಅದರ ಸುತ್ತ ತೋಟದ ಮನೆಗಳು. ಇವತ್ತಿಗೂ ಅದು ಇನ್ನರ್ ಸರ್ಕಲ್ಲೇ. ಆಗಿನ ಮುದುಕರು ಸಂಜೆ ಕೋಲು ಹಿಡಿದು ಅದನ್ನು ಸುತ್ತಿರಬಹುದು. ಈಗ ಆ ಸರ್ಕಲ್ಲನ್ನು ಸುತ್ತಬೇಕಾದರೆ ಮೊದಲು ಕಾರಿನಲ್ಲಿ ಹೋಗಿ, ಕಾರು ನಿಲ್ಲಿಸಲು ಜಾಗ ಹುಡುಕುತ್ತ ನಾಲ್ಕು ಸುತ್ತು ಬರಬೇಕು. ಇಳಿಯುವಷ್ಟರಲ್ಲಿ ವಾಕಿಂಗ್ ಮುಗಿದಿರುತ್ತದೆ, ಕಾರಿನದು.

ಗೇಟಿನೊಳಗಿನ ಸುತ್ತಿಗೂ ಅದರದೇ ಶಾಸ್ತ್ರವಿದೆ. ಮೂಲೆಯಲ್ಲಿ ಒಂದು ಪುಟ್ಟ ಗಣಪತಿ ಗುಡಿ ಇರುವುದರಿಂದ ಪ್ರದಕ್ಷಿಣವಾಗಿಯೇ ನಡೆಯಬೇಕು ಎನ್ನುವುದು ರಾಯರ ಪಕ್ಷ. ಎರಡನೇ ಟವರಿನ ನಿವೃತ್ತ ಬ್ಯಾಂಕ್ ಮ್ಯಾನೇಜರು ಒಬ್ಬರು ಅಪ್ರದಕ್ಷಿಣ ಪಕ್ಷ. ತೊಂದರೆ ಧರ್ಮದ್ದಲ್ಲ, ಗಣಿತದ್ದು. ಒಂದೇ ವೇಗದಲ್ಲಿ ಎದುರುಬದುರು ಸುತ್ತುವ ಇಬ್ಬರು ಪ್ರತಿ ಸುತ್ತಿನಲ್ಲಿ ಎರಡು ಸಲ ಮುಖಾಮುಖಿಯಾಗುತ್ತಾರೆ. ಹತ್ತೊಂಬತ್ತು ಸುತ್ತಿಗೆ ಮೂವತ್ತೆಂಟು ಸಲ. ಒಬ್ಬ ಮನುಷ್ಯ ಇನ್ನೊಬ್ಬನಿಗೆ ಒಂದೇ ದಿನ ಮೂವತ್ತೆಂಟು ಸಲ ನಮಸ್ಕಾರ ಹೇಳಲು ಸಾಧ್ಯವೇ? ಮೊದಲ ಸಲ “ನಮಸ್ಕಾರ ಸಾರ್, ತಿಂಡಿ ಆಯ್ತಾ?” (ಬೆಳಿಗ್ಗೆ ಆರು ಗಂಟೆಗೆ.) ಎರಡನೇ ಸಲ ನಗು. ಮೂರನೇ ಸಲ ಹುಬ್ಬು. ನಾಲ್ಕಕ್ಕೆ ಮೊಬೈಲು ತೆಗೆದು ಇಲ್ಲದ ಮೆಸೇಜು ಓದುವುದು. ಐದರಿಂದ ಆಚೆಗೆ ಇಬ್ಬರೂ ಕಾಂಪೌಂಡಿನ ಗೋಡೆಯನ್ನು, ಅದರ ಮೇಲಿನ ಗಾಜಿನ ಚೂರುಗಳನ್ನು, ಪುರಾತತ್ವ ಇಲಾಖೆಯವರ ಹಾಗೆ ಪರೀಕ್ಷಿಸುತ್ತ ಹೋಗುತ್ತಾರೆ. ಮೂವತ್ತು ವರ್ಷದ ಸ್ನೇಹ ಕೆಡಿಸಲು ಜಮೀನಿನ ವ್ಯಾಜ್ಯವೇ ಬೇಕಿಲ್ಲ, ಎದುರುಬದುರು ವಾಕಿಂಗು ಸಾಕು.

ಪ್ರದಕ್ಷಿಣ ಪಕ್ಷದಲ್ಲಿ ಒಗ್ಗಟ್ಟಿದೆ. ರಾಯರ ಹಿಂದೆ ನಾಲ್ಕೈದು ಜನ. ಅವರು ಯಾವ ಸುತ್ತಿನಲ್ಲಿದ್ದಾರೆಂದು ಮಾತು ಕೇಳಿಯೇ ಹೇಳಬಹುದು. ಮೊದಲ ಮೂರು ಸುತ್ತು ಸಕ್ಕರೆ: ಊಟಕ್ಕೆ ಮುಂಚೆ ಎಷ್ಟು, ಊಟವಾದ ಮೇಲೆ ಎಷ್ಟು, ಮೂರು ತಿಂಗಳ ಸರಾಸರಿ ಎಷ್ಟು. ಏಳನೆಯವರೆಗೆ ಅಮೆರಿಕದಲ್ಲಿರುವ ಮಕ್ಕಳ ವೀಸಾ. ಆಮೇಲೆ ಟ್ಯಾಂಕರ್ ನೀರಿನ ಬಿಲ್ಲು, ಮೇಂಟೆನೆನ್ಸಿನ ಬಾಕಿದಾರರು. ಹತ್ತು ದಾಟಿದ ಮೇಲೆ ದೇಶದ ವಿಚಾರ; ಆದರೆ ಅಷ್ಟರಲ್ಲಿ ಯಾರಿಗೂ ಉಸಿರು ಉಳಿದಿರುವುದಿಲ್ಲವಾದ್ದರಿಂದ ದೇಶ ಬದುಕಿಕೊಳ್ಳುತ್ತದೆ. ಭಾನುವಾರ ಮಾತ್ರ ಈ ತಂಡ ಶೀಲವಂತನ ಕೆರೆಗೆ ಹೋಗುತ್ತದೆ. ಅಲ್ಲಿ ಏರಿಯ ಮೇಲೆ ನಡೆದು, ಹೊರಗೆ ಬಂದು, ಬೂದುಗುಂಬಳದ ರಸ ಕುಡಿದು, ಮುಖ ಹಿಂಡಿ, ಆ ಸಪ್ಪೆ ಬಾಯಿಗೆ ಪರಿಹಾರವಾಗಿ ದರ್ಶಿನಿಗೆ ಹೋಗಿ ಒಬ್ಬೊಬ್ಬರೂ ಒಂದೊಂದು ಬೆಣ್ಣೆ ಮಸಾಲೆ, ‘ಹಾಫ್ ಸಕ್ಕರೆ’ ಕಾಫಿ. ದರ್ಶಿನಿಯಲ್ಲಿ ನಿಂತೇ ತಿನ್ನುವುದು. ಅದೂ ವ್ಯಾಯಾಮ ಎಂದು ರಾಯರ ವಾದ. ವರ್ತೂರು ಕೆರೆಗೆ ಯಾಕೆ ಹೋಗುವುದಿಲ್ಲ ಎಂದು ಒಮ್ಮೆ ಕೇಳಿದೆ. “ನಾವು ಹೋಗೋದೇನು, 2015ರಲ್ಲಿ ಅದರ ನೊರೆಯೇ ರಸ್ತೆಗೆ ವಾಕಿಂಗ್ ಬಂದಿತ್ತಲ್ಲ” ಎಂದರು.

ಮೈಸೂರಿನಲ್ಲಿ ಕುಕ್ಕರಹಳ್ಳಿ ಕೆರೆ ಏರಿಯ ಮೇಲೆ ಕುವೆಂಪು ನಡೆದಾಡುತ್ತಿದ್ದರು, ನಡೆದದ್ದರಿಂದ ಕನ್ನಡಕ್ಕೆ ಕವಿತೆ ಸಿಕ್ಕಿತು. ರಾಯರ ನಡಿಗೆಯಿಂದ ಕನ್ನಡಕ್ಕೆ ಇನ್ನೂ ಏನೂ ಸಿಕ್ಕಿಲ್ಲ. ಅಂಕಿ ಸಿಕ್ಕಿದೆ.

ಒಂದು ದಿನ ಧೈರ್ಯ ಮಾಡಿ ಕೇಳಿಯೇಬಿಟ್ಟೆ. “ರಾಯರೇ, ನಿಜ ಹೇಳಿ. ಹೀಗೆ ಸುತ್ತೋದರಲ್ಲಿ ಖುಷಿ ಇದೆಯಾ?”

ರಾಯರು ನಿಂತರು. ಯೋಚಿಸಿದರು. ವಾಚು ನೋಡಿದರು. “ಹಾರ್ಟ್ ರೇಟ್ ನೂರಾ ಹದಿನಾರು ಇದೆ” ಎಂದರು.

ಹತ್ತು ಸಾವಿರದ ಮೂಲ ಹುಡುಕಿ ಅವರ ನಂಬಿಕೆ ಅಲ್ಲಾಡಿಸಬೇಕೆಂದು ನನಗೊಂದು ಕೆಟ್ಟ ಹಟ ಬಂತು. ಆ ಸಂಖ್ಯೆ ದೊಡ್ಡ ಸಂಶೋಧನೆಯಿಂದೇನೂ ಹುಟ್ಟಿದ್ದಲ್ಲ. 1964ರ ಟೋಕಿಯೊ ಒಲಿಂಪಿಕ್ಸ್ ಮುಗಿದ ಮರುವರ್ಷ, ಜಪಾನಿನ ಕಂಪನಿಯೊಂದು ಹೆಜ್ಜೆ ಎಣಿಸುವ ಪುಟ್ಟ ಯಂತ್ರ ಮಾರಾಟಕ್ಕೆ ತಂದಿತು. ಅದಕ್ಕೆ ‘ಮಾನ್‌ಪೊ-ಕೇ’, ಅಂದರೆ ಹತ್ತು ಸಾವಿರ ಹೆಜ್ಜೆಯ ಮೀಟರು ಎಂದು ಹೆಸರಿಟ್ಟಿತು. ಕಿವಿಗೆ ಚೆನ್ನಾಗಿ ಕೇಳುವ ದುಂಡನೆಯ ಸಂಖ್ಯೆ, ಅಷ್ಟೆ. ನಾನು ಇದನ್ನು ಉತ್ಸಾಹದಿಂದ ಹೇಳಿ ಮುಗಿಸಿದಾಗ ರಾಯರು ತಲೆದೂಗಿದರು.

“ನೋಡಿದ್ರಾ, ಜಪಾನಿನವರು! ಅವರು ಹೇಳಿದ್ರೆ ಸರಿಯಾಗೇ ಇರುತ್ತೆ. ನಮ್ಮ ಎಚ್‌ಎಂಟಿ ವಾಚೂ ಅವರದ್ದೇ ಅಲ್ವಾ?”

ಮಾತು ಸುಳ್ಳಲ್ಲ. 1961ರಲ್ಲಿ ಬೆಂಗಳೂರಿನ ಎಚ್‌ಎಂಟಿ ವಾಚು ಮಾಡಲು ಹೊರಟಾಗ ಕೈಹಿಡಿದು ಕಲಿಸಿದ್ದು ಜಪಾನಿನ ಸಿಟಿಜನ್ ಕಂಪನಿ. ರಾಯರ ಮದುವೆಗೆ ಮಾವ ಕೊಟ್ಟ ಎಚ್‌ಎಂಟಿ ಜನತಾ ಈಗ ಬೀರುವಿನಲ್ಲಿ, ರೇಷ್ಮೆ ಪಂಚೆಯ ಮಡಿಕೆಯಲ್ಲಿ ನಿದ್ದೆ ಮಾಡುತ್ತಿದೆ. ಸೋಲೊಪ್ಪದೆ ಇನ್ನೊಂದು ಬಾಣ ಬಿಟ್ಟೆ. 2019ರಲ್ಲಿ ಅಮೆರಿಕದಲ್ಲಿ ಹದಿನಾರು ಸಾವಿರಕ್ಕೂ ಹೆಚ್ಚು ವಯಸ್ಸಾದ ಹೆಂಗಸರ ಹೆಜ್ಜೆ ಅಳೆದು ನೋಡಿದ್ದಾರೆ. ದಿನಕ್ಕೆ 4,400 ಹೆಜ್ಜೆ ಹಾಕಿದವರಿಗೇ ಸಾಕಷ್ಟು ಲಾಭ ಕಂಡಿದೆ, 7,500ರ ಹೊತ್ತಿಗೆ ಆ ಲಾಭ ಹೆಚ್ಚುವುದು ನಿಂತಿದೆ.

“ಅದು ಹೆಂಗಸರಿಗೆ” ಎಂದರು ರಾಯರು.

ಕಾಫಿ ಲೋಟ ಇಡುತ್ತಿದ್ದ ಅವರ ಮನೆಯವರು ಅಲ್ಲೇ ನಿಂತರು. “ಹಾಗಾದ್ರೆ ನಂದು ಅಡುಗೆಮನೇಲೇ ಮುಗೀತು ಬಿಡಿ. ಇನ್ನೊಂದ್ ಮಾತು. ಆಗ ಇವರು ಬೆಳಿಗ್ಗೆ ಎದ್ದು ವಾಚಿಗೆ ಕೀ ಕೊಡೋರು. ಈಗ ವಾಚು ಬೆಳಿಗ್ಗೆ ಎದ್ದು ಇವರಿಗೆ ಕೀ ಕೊಡುತ್ತೆ.”

ನನ್ನದೂ ಹೇಳಿಬಿಡುತ್ತೇನೆ, ಇಲ್ಲದಿದ್ದರೆ ಕೂತವನು ನಡೆಯುವವರನ್ನು ಹಾಸ್ಯ ಮಾಡಿದ ಹಾಗಾಗುತ್ತದೆ. ನಾನು ಪೀಣ್ಯ ಎರಡನೇ ಹಂತದ ಒಂದು ಸಣ್ಣ ಮೆಷಿನ್ ಶಾಪಿನಲ್ಲಿ ಇಪ್ಪತ್ತೆರಡು ವರ್ಷ ಇದ್ದವನು. ಆಗ ಮನೆ ಹೆಗ್ಗನಹಳ್ಳಿಯಲ್ಲಿ. ಬೆಳಿಗ್ಗೆ ಮೊದಲ ಶಿಫ್ಟಿಗೆ ಹೋಗುವಾಗ ರಾಜಗೋಪಾಲನಗರ, ಲಗ್ಗೆರೆ, ಚೊಕ್ಕಸಂದ್ರ, ಎಲ್ಲ ಕಡೆಯಿಂದಲೂ ಜನ ಹೊಳೆಯ ಹಾಗೆ ಪೀಣ್ಯದೊಳಕ್ಕೆ ಹರಿಯುತ್ತಿದ್ದರು. ಕೈಯಲ್ಲಿ ಊಟದ ಡಬ್ಬಿ, ಬಾಯಲ್ಲಿ ನಿನ್ನೆಯ ಜಗಳ. ಗಾರ್ಮೆಂಟ್ಸ್‌ನ ಹೆಣ್ಣುಮಕ್ಕಳು ಐದಾರು ಜನ ಒಟ್ಟಿಗೆ, ದುಪಟ್ಟಾ ಸೊಂಟಕ್ಕೆ ಬಿಗಿದು, ಹೆಚ್ಚುಕಡಿಮೆ ಓಡುತ್ತಲೇ ಹೋಗುತ್ತಿದ್ದರು. ಗೇಟು ಹಾಕಿದರೆ ಅರ್ಧ ದಿನದ ಸಂಬಳ ಹೋಯಿತು. ಅವರ ಹಾರ್ಟ್ ರೇಟು ಎಷ್ಟಿತ್ತೋ, ನೋಡಿದವರು ಯಾರು. ನಾನೂ ಹೋಗುತ್ತ ಮೂರು ಕಿಲೋಮೀಟರು, ಬರುತ್ತ ಮೂರು ನಡೆದೆ. ಆಗ ಅದಕ್ಕೆ ವಾಕಿಂಗ್ ಅನ್ನುವ ಹೆಸರಿರಲಿಲ್ಲ. ಬಸ್ ಸಿಗಲಿಲ್ಲ ಅನ್ನುವ ಹೆಸರಿತ್ತು.

ಹಾಗಂತ ಖುಷಿ ಇರಲಿಲ್ಲವೇ ಎಂದರೆ, ಇತ್ತು. ಎರಡನೇ ಶಿಫ್ಟು ಬಿಟ್ಟು ರಾತ್ರಿ ಬರುವಾಗ ಎನ್‌ಟಿಟಿಎಫ್ ಸರ್ಕಲ್ಲಿನ ಹತ್ತಿರ ತಳ್ಳುಗಾಡಿಯಲ್ಲಿ ಎಗ್ ರೈಸಿನ ಬಾಣಲೆ ಟಣಟಣ ಎನ್ನುತ್ತಿತ್ತು. ಕಟಿಂಗ್ ಆಯಿಲಿನ ವಾಸನೆ ಹತ್ತಿದ ಕೈಯಲ್ಲೇ ಅದನ್ನು ತಿಂದು, ಜೊತೆಗಾರನ ಮಾತು ಕೇಳುತ್ತ ನಡೆದರೆ ಮನೆ ಬಂದದ್ದೇ ಗೊತ್ತಾಗುತ್ತಿರಲಿಲ್ಲ. ಇದನ್ನು ಹೇಳಿದಾಗ ರಾಯರಿಗೂ ಏನೋ ನೆನಪಾಯಿತು. ದೂರವಾಣಿ ನಗರದ ಕ್ವಾರ್ಟರ್ಸಿನಿಂದ ಫ್ಯಾಕ್ಟರಿಗೆ, ಸೈರನ್ ಕೂಗುವ ಹೊತ್ತಿಗೆ, ಮರದ ನೆರಳಲ್ಲಿ ಮೂರು ನಾಲ್ಕು ಜನ ಹರಟೆ ಹೊಡೆಯುತ್ತ ಹೋಗುತ್ತಿದ್ದುದು. ಕಣ್ಣು ಸ್ವಲ್ಪ ಒದ್ದೆಯೂ ಆಯಿತು. ಮನುಷ್ಯ ಕೊನೆಗೂ ದಾರಿಗೆ ಬಂದ ಎಂದುಕೊಂಡೆ.

“ಮೂವತ್ತನಾಲ್ಕು ವರ್ಷ” ಎಂದರು ರಾಯರು, ನಿಟ್ಟುಸಿರು ಬಿಟ್ಟು. “ಎಷ್ಟು ಹೆಜ್ಜೆ ಆಗಿರಬಹುದು ಹೇಳಿ. ಒಂದೂ ಲೆಕ್ಕಕ್ಕೆ ಸಿಗಲಿಲ್ಲ. ಎಲ್ಲಾ ವೇಸ್ಟಾಗಿ ಹೋಯ್ತು.”

ಮೆಟ್ರೊ ಬಂದ ಮೇಲೆ ರಾಯರ ಸಾಮ್ರಾಜ್ಯ ವಿಸ್ತರಿಸಿತು. 2023ರ ಮಾರ್ಚಿನಲ್ಲಿ ನೇರಳೆ ಲೈನು ಕಾಡುಗೋಡಿ ಮುಟ್ಟಿತು, ಮೊದಲು ಕೆ.ಆರ್. ಪುರದವರೆಗೆ ಮಾತ್ರ ಓಡುತ್ತಿದ್ದದ್ದು ಅಕ್ಟೋಬರಿನಲ್ಲಿ ಊರೊಳಗಿನ ಲೈನಿಗೆ ಕೂಡಿಕೊಂಡಿತು. 2025ರ ಆಗಸ್ಟಿನಲ್ಲಿ ಆರ್.ವಿ. ರೋಡಿನಿಂದ ಬೊಮ್ಮಸಂದ್ರಕ್ಕೆ ಹಳದಿ ಲೈನು ಬಂದಾಗ ರಾಯರು ಪೇಪರನ್ನು ಎರಡು ಸಲ ಓದಿದರು. ಅವರ ಮಗಳ ಮನೆ ಎಲೆಕ್ಟ್ರಾನಿಕ್ ಸಿಟಿಯ ಕಡೆ. ಅಲ್ಲಿಯವರೆಗೆ ಯುಗಾದಿಗೊಮ್ಮೆ ದೀಪಾವಳಿಗೊಮ್ಮೆ ಹೋಗುತ್ತಿದ್ದ ಅಪ್ಪ ಎರಡು ಶನಿವಾರಕ್ಕೊಮ್ಮೆ ಬಾಗಿಲು ತಟ್ಟತೊಡಗಿದರು. ಅಪ್ಪನಿಗೆ ವಯಸ್ಸಾಗುತ್ತ ಪ್ರೀತಿ ಉಕ್ಕಿತು ಎಂದು ಮಗಳಿಗೆ ಸಂತೋಷ. ಪ್ರೀತಿ ಉಕ್ಕಿದ್ದು ಮೆಜೆಸ್ಟಿಕ್ಕಿನ ಮೇಲೆ. ನೇರಳೆಯಿಂದ ಹಸಿರಿಗೆ ಮೆಜೆಸ್ಟಿಕ್ಕಿನಲ್ಲಿ, ಹಸಿರಿನಿಂದ ಹಳದಿಗೆ ಆರ್.ವಿ. ರೋಡಿನಲ್ಲಿ, ಒಂದೇ ಟಿಕೆಟ್ಟಿಗೆ ಎರಡು ಕಡೆ ನಡಿಗೆ! ಬಿಸಿಲಿಲ್ಲ, ಮಳೆಯಿಲ್ಲ, ನಾಯಿಯಿಲ್ಲ, ಎದುರಿಗೆ ಬುಲೆಟ್ ಬರುವುದಿಲ್ಲ. ಎಸ್ಕಲೇಟರಿನಲ್ಲಿ ಸುಮ್ಮನೆ ನಿಂತವರನ್ನು ರಾಯರು ನೋಡುವ ನೋಟ ಒಂದಿದೆ. ಏಕಾದಶಿ ದಿನ ಈರುಳ್ಳಿ ಬಜ್ಜಿ ತಿನ್ನುವವರನ್ನು ನೋಡಿದ ಹಾಗೆ.

ಇಷ್ಟು ಹೇಳಿದ ಮೇಲೆ ಓದುಗರು ಕೇಳಬಹುದು: ರಸ್ತೆ ಇಲ್ಲವೇ, ಅಲ್ಲಿ ಯಾಕೆ ನಡೆಯುವುದಿಲ್ಲ? ನಮ್ಮ ಗೇಟಿನಾಚೆ ಫುಟ್‌ಪಾತು ಖಂಡಿತ ಇದೆ. ಚರಂಡಿಯ ಮೇಲೆ ಚಪ್ಪಡಿ ಹಾಸಿದ್ದಾರೆ. ಒಂದು ಚಪ್ಪಡಿ ಇದೆ, ಒಂದು ಚಪ್ಪಡಿ ಅಲ್ಲಾಡುತ್ತದೆ, ಒಂದು ಚಪ್ಪಡಿ ಇಲ್ಲ. ಆಮೇಲೆ ಒಂದು ಟ್ರಾನ್ಸ್‌ಫಾರ್ಮರು. ಅದನ್ನು ಬಳಸಿಕೊಂಡು ರಸ್ತೆಗಿಳಿದು ಹತ್ತಿದರೆ ಕೇಬಲ್ಲಿನ ಸಿಂಬೆ, ಎಳನೀರಿನ ಗುಡ್ಡೆ, ನೆಟ್ಟಗೆ ಫುಟ್‌ಪಾತಿನ ಮೇಲೇ ಬರುವ ಸ್ಕೂಟರು. ಸ್ಕೂಟರಿನವನು ಹಾರ್ನು ಬೇರೆ ಹೊಡೆಯುತ್ತಾನೆ, ನಾವೇ ಅವನ ದಾರಿಗೆ ಅಡ್ಡ ಬಂದವರ ಹಾಗೆ. ಗೇಟಿನಾಚೆಯ ಹೆಜ್ಜೆಗಳನ್ನು ರಾಯರು ಡೈರಿಯಲ್ಲಿ ಬೇರೆ ಕಾಲಂನಲ್ಲಿ ಬರೆಯುತ್ತಿದ್ದರು. ಅದರ ತಲೆಬರಹ: ‘ಜಿಗಿತ.’

ಸ್ಟ್ರೀಕ್ ಎನ್ನುವ ಹೊಸ ವ್ರತವೊಂದಿದೆ. ಒಂದೂ ದಿನ ತಪ್ಪದೆ ಹತ್ತು ಸಾವಿರ ಮುಟ್ಟಿಸಿದರೆ ದಿನಗಳು ಕೂಡುತ್ತ ಹೋಗುತ್ತವೆ; ಒಂದು ದಿನ ತಪ್ಪಿತೋ, ಸೊನ್ನೆಯಿಂದ ಶುರು. ರಾಯರದು 412ನೇ ದಿನ. ಅವತ್ತೇ ಹೊರಗೆ ಕೊತ್ತಂಬರಿ ಸೊಪ್ಪಿಗೆಂದು ಹೋದವರು ಅಲ್ಲಾಡುವ ಚಪ್ಪಡಿಯನ್ನು ಅಲ್ಲಾಡದ ಚಪ್ಪಡಿ ಎಂದು ನಂಬಿ ಕಾಲಿಟ್ಟರು. ಕಾಲು ಉಳುಕಿತು. ಸೊಪ್ಪು ಬಲಗೈಯಲ್ಲಿ ಭದ್ರವಾಗಿತ್ತು. ಡಾಕ್ಟರು ಬ್ಯಾಂಡೇಜು ಸುತ್ತಿ ಹತ್ತು ದಿನ ಕಾಲು ಊರಬೇಡಿ ಎಂದರು.

ಮಾರನೆಯ ಬೆಳಿಗ್ಗೆ ನಾನು ನೋಡಲು ಹೋದಾಗ ರಾಯರು ಸೋಫಾದಲ್ಲಿ, ಕಾಲು ದಿಂಬಿನ ಮೇಲೆ, ಮುಖ ಸಾವಿನ ಮನೆಯದು. ಮೊಮ್ಮಗ ತಾತನ ವಾಚು ಹಿಡಿದು ಕೈ ಜಾಡಿಸಿ ಜಾಡಿಸಿ ಎಂಟುನೂರು ಮಾಡಿಕೊಟ್ಟು ಶಾಲೆಗೆ ಹೋಗಿದ್ದ. “ನೀವಾದ್ರೂ ಒಂದಿನ ಕಟ್ಕೊಳ್ರೇ” ಎಂದು ಹೆಂಡತಿಯನ್ನು ಕೇಳಿದ್ದಕ್ಕೆ, “ನನಗೆ 7,500 ಸಾಕು ಅಂತ ಅಮೆರಿಕದೋರೇ ಹೇಳಿದಾರಲ್ಲ” ಎಂಬ ಉತ್ತರ ಬಂದಿತ್ತು. ನನ್ನ ಕಡೆ ನೋಡಿದರು. ನಾನು ಪೇಪರು ಬಿಡಿಸಿದೆ.

ಆಗ ಒಳಗೆ ಬಂದದ್ದು ಯಾದಗಿರಿಯಕ್ಕ. ಅವರ ಹೆಸರೂ ನಮ್ಮ ಬಿಲ್ಡಿಂಗಿನಲ್ಲಿ ಹೆಚ್ಚು ಜನಕ್ಕೆ ಗೊತ್ತಿಲ್ಲ. ಯಾದಗಿರಿ ಕಡೆಯವರು, ಚನ್ನಸಂದ್ರದ ಹತ್ತಿರ ಶೆಡ್ಡಿನಲ್ಲಿ ಮನೆ, ನಮ್ಮಲ್ಲಿ ಆರು ಮನೆಗಳ ಕಸ ಮುಸುರೆ. ರಾಯರು ಅವರನ್ನು ನೋಡಿದ ನೋಟದಲ್ಲಿ ಲೆಡ್ಜರಿನ ಮೂವತ್ತನಾಲ್ಕು ವರ್ಷದ ಪ್ರಾಮಾಣಿಕತೆ ಕುಸಿದುಬಿದ್ದದ್ದು ನನಗೆ ಕಂಡಿತು.

“ಅಕ್ಕಾ, ಈ ವಾಚು ಒಂದಿನ ಕಟ್ಕೋತೀರಾ? ಸುಮ್ಮನೆ. ಏನೂ ಮಾಡೋದು ಬೇಡ, ನಿಮ್ಮ ಪಾಡಿಗೆ ನೀವು ಕೆಲಸ ಮಾಡಿ.”

“ನೀರಾಗ ಕೈ ಹಾಕಬೌದೇನ್ರೀ?”

“ಧಾರಾಳವಾಗಿ.”

ಮಿಕ್ಕಿದ್ದು ರಾಯರ ಮೊಬೈಲಿನಲ್ಲಿ ಕಾಣುತ್ತಿತ್ತು. ಒಂಬತ್ತಕ್ಕೆ 4,100. ಹತ್ತೂವರೆಗೆ 7,600. ರಾಯರು ಕ್ರಿಕೆಟ್ ಸ್ಕೋರು ನೋಡುವ ಹಾಗೆ ನೋಡುತ್ತಿದ್ದರು. ಲಿಫ್ಟು ಕೆಟ್ಟದ್ದು ಅವತ್ತೇ. ಮೆಟ್ಟಿಲ ಲೆಕ್ಕ ಬೇರೆ ಏರಿತು. ಹನ್ನೊಂದೂವರೆಗೆ ಹತ್ತು ಸಾವಿರ ಮುಟ್ಟಿ, ಏಳನೇ ಮಹಡಿಯಲ್ಲಿ ಎಲ್ಲೋ ಯಾದಗಿರಿಯಕ್ಕನ ಮಣಿಕಟ್ಟು ಗುರ್ ಎಂದು ಅಭಿನಂದಿಸಿದ್ದಿರಬೇಕು. ಮಧ್ಯಾಹ್ನ ಎರಡಕ್ಕೆ 14,000. ಸಂಜೆ ಆರಕ್ಕೆ 19,400.

ವಾಕಿಂಗ್ ತಂಡದ ಆ್ಯಪಿನಲ್ಲಿ ಒಬ್ಬರ ಹೆಜ್ಜೆ ಎಲ್ಲರಿಗೂ ಕಾಣುತ್ತದೆ ಎನ್ನುವುದನ್ನು ರಾಯರು ಮರೆತಿದ್ದರು. ಕಾಲು ಉಳುಕಿದ ಮಾರನೇ ದಿನವೇ ಮನುಷ್ಯ 19,400 ನಡೆದಿದ್ದಾನೆ! ಅಪ್ರದಕ್ಷಿಣದ ಬ್ಯಾಂಕ್ ಮ್ಯಾನೇಜರೇ ಫೋನು ಮಾಡಿ, ಯಾವ ಎಣ್ಣೆ ಹಚ್ಚಿದಿರಿ ಎಂದು ಕೇಳಿದರು. ರಾಯರು ತೊದಲಿದರು. ಕೊನೆಗೆ “ಯಾದಗಿರಿ ಕಡೆಯದು” ಎಂದರು.

ಆರೂಕಾಲಿಗೆ ಯಾದಗಿರಿಯಕ್ಕ ಬಂದರು. ಸೆರಗಿನಿಂದ ಮುಖ ಒರೆಸಿಕೊಂಡು, ವಾಚಿನ ಪಟ್ಟಿ ಬಿಚ್ಚುತ್ತ, ಬಾಗಿಲಲ್ಲೇ ನಿಂತು ಹೇಳಿದರು.

“ತಗೋರಿ ಸಾರ್, ನಮಗ ಬ್ಯಾಡ ಇದು. ಮುಂಜಾನಿಂದ ನಡದೇ ನಡದೀನಿ, ಸುಮ್ಮನಿತ್ತು. ಮಧ್ಯಾಹ್ನ ಮೆಟ್ಟಲಕ ಕುಂತು ಒಂದ್ ರೊಟ್ಟಿ ಮುರದೀನಿ ನೋಡ್ರಿ, ಗುರ್ ಅಂತು. ಮ್ಯಾಲಿನ ಮನಿ ಹುಡುಗಿಗೆ ಏನಂತೈತಿ ನೋಡವ್ವ ಅಂದೆ. ‘ಭಾಳ ಹೊತ್ತು ಕುಂತೀರಿ, ಏಳ್ರಿ’ ಅಂತೈತಂತ್ರಿ! ಕುಂತ್ರ ಬೈತೈತ್ರೀ ಇದು. ಬೈಯಾಕ ಈ ಬಿಲ್ಡಿಂಗ್‌ನ್ಯಾಗ ಮಂದಿ ಕಡಿಮಿ ಅದಾರೇನ್ರೀ?”

ರಾಯರ ಮನೆಯವರು ಸೆರಗು ಬಾಯಿಗೆ ಒತ್ತಿಕೊಂಡರು. ನಾನು ಪೇಪರಿನ ಹಿಂದೆ ಸರಿದೆ. ರಾಯರ ಮುಖದಲ್ಲಿ ಮಾತ್ರ ನಾಚಿಕೆ ಅಲ್ಲ, ಬೇರೆ ಏನೋ ಲೆಕ್ಕ ಓಡುತ್ತಿತ್ತು.

“ಅಕ್ಕಾ, ಒಂದ್ ನಿಮಿಷ, ಬಿಚ್ಚಬೇಡಿ. ಇನ್ನು ಆರುನೂರು ಆದ್ರೆ ಇಪ್ಪತ್ತು ಸಾವಿರ ಆಗುತ್ತೆ. ಹೇಗೂ ಚನ್ನಸಂದ್ರದವರೆಗೆ ನಡ್ಕೊಂಡೇ ಅಲ್ವಾ ಹೋಗೋದು? ಮನೇವರೆಗೆ ಹಾಕ್ಕೊಂಡು ಹೋಗಿ, ನಾಳೆ ಬೆಳಿಗ್ಗೆ ಕೊಡಿ.”

ಯಾದಗಿರಿಯಕ್ಕ ವಾಚನ್ನು ಚಪ್ಪಲಿ ಸ್ಟ್ಯಾಂಡಿನ ಮೇಲೆ ಇಟ್ಟು, ಚಪ್ಪಲಿ ಮೆಟ್ಟಿದರು.

“ನಡಕೊಂತ ಯಾಕ ಹೋಗ್ಲಿರಿ? ಹೆಣ್ಮಕ್ಕಳಿಗೆ ಬಸ್ ಫ್ರೀ ಐತಿ” ಎಂದು ಹೊರಟುಹೋದರು.